ಅಮ್ಮ ಒಪ್ಪಿರಲಿಲ್ಲ, ಒತ್ತಿದ್ದು ನಾವು

ಈ ಸಲ ಸ್ವಲ್ಪ ಜಗಳ ಆಡಬೇಕು ಅಂತ ಇದ್ದೀನಿ. ನಿಮ್ಮ ಜೊತೆ, ನನ್ನ ಜೊತೆಯೂ.

ಮೊದಲು ಒಂದು ಪ್ರಶ್ನೆ. ಕಳೆದ ಸಲ ಊರಿಗೆ ಹೋದಾಗ ಅಮ್ಮನಿಗೋ ಅಪ್ಪನಿಗೋ ಒಂದು ಫೋನ್ ಕೊಟ್ಟು ಬಂದ್ರಿ, ಅಲ್ವಾ? ಹೊಸದಲ್ಲದಿದ್ದರೆ ನೀವೇ ಎರಡು ವರ್ಷ ಬಳಸಿದ್ದು. ಜೆಟ್ ಲ್ಯಾಗ್‌ನಿಂದ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ಸೋಫಾ ಮೇಲೆ ಕೂತು ಅದನ್ನು ಸೆಟ್ ಅಪ್ ಮಾಡಿದ್ರಿ. ಒಂದಾದ ಮೇಲೊಂದು ಪರದೆ ಬಂತು. ನೀವು ಎಲ್ಲಿದ್ದೀರಿ ಅಂತ ನೋಡಬಹುದಾ? ನೀವು ಫೋನನ್ನು ಹೇಗೆ ಬಳಸುತ್ತೀರಿ ಅಂತ ನಮಗೆ ಕಳಿಸಬಹುದಾ? ನಿಮಗೆ ಹೊಂದುವ ಜಾಹೀರಾತು ತೋರಿಸಬಹುದಾ? ಎಲ್ಲವೂ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಕೆಳಗೆ ಮಾತ್ರ ದೊಡ್ಡದಾಗಿ ಒಂದು ಗುಂಡಿ: ಒಪ್ಪುತ್ತೇನೆ. ಒತ್ತಿದ್ರಿ. ಮುಂದಿನ ಪರದೆ, ಮತ್ತೆ ಒತ್ತಿದ್ರಿ. ಹತ್ತು ನಿಮಿಷದಲ್ಲಿ ಕೆಲಸ ಮುಗೀತು. "ತಗೋಮ್ಮ, ರೆಡಿ."

ಒಪ್ಪಿದ್ದು ಯಾರು?

ನಮ್ಮ ಮನೆಯ ಕಥೆ ಹೇಳ್ತೀನಿ. ನಮ್ಮಮ್ಮ ಅರಸೀಕೆರೆಯಲ್ಲಿ ಒಬ್ಬರೇ ಇರುತ್ತಾರೆ. ಅವರ ಫೋನ್ ಸೆಟ್ ಅಪ್ ಮಾಡಿದ್ದು ನಾನೇ. ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ, "ಏನೋ ಅದು, ಅಷ್ಟೊಂದು ಕೇಳ್ತಾ ಇದೆ?" ಅಂದ್ರು. "ಏನಿಲ್ಲಮ್ಮ, ಎಲ್ಲಾ ಫೋನಲ್ಲೂ ಹಿಂಗೇ" ಅಂದೆ. ನಾನು ವಾಪಸ್ ಬಂದು ಮೂರು ತಿಂಗಳಾಗಿರಬೇಕು. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದ್ರು: "ನಾನು ಗುರುವಾರ ಗುರುವಾರ ಆಸ್ಪತ್ರೆಗೆ ಹೋಗ್ತೀನಿ ಅಂತ ಈ ಫೋನಿಗೆ ಯಾರೋ ಹೇಳಿದ್ದು? ಬೆಳಿಗ್ಗೆ ಕೈಗೆ ತಗೊಂಡ್ರೆ, ಅಲ್ಲಿಗೆ ಹೋಗಕ್ಕೆ ಹನ್ನೆರಡು ನಿಮಿಷ ಅಂತ ತೋರಿಸ್ತಾ ಇದೆ. ನೀನೇನಾದ್ರೂ ಹೇಳಿದ್ಯಾ?"

ನನಗೆ ಕೇಳಿಸಿದ್ದು ಒಂದೇ ಮಾತು. "ಆಸ್ಪತ್ರೆಗಾ? ಯಾವಾಗಿಂದ ಹೋಗ್ತಾ ಇದ್ದೀಯಮ್ಮ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎರಡು ತಿಂಗಳಿಂದ ಹೋಗುತ್ತಿದ್ದರಂತೆ. ದೂರದಲ್ಲಿರೋ ಮಗ ಗಾಬರಿ ಆಗಬಾರದು ಅಂತ ನನಗೆ ಹೇಳಿರಲಿಲ್ಲ. ಪಕ್ಕದ ಮನೆಯವರಿಗೂ ಹೇಳಿರಲಿಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ಅವರ ಇಷ್ಟ. ಆ ಇಷ್ಟವನ್ನು ಅವರು ಜೋಪಾನವಾಗಿ ಕಾಪಾಡಿಕೊಂಡಿದ್ದರು. ಸೆರಗಿನ ಗಂಟಿನಲ್ಲಿ ಕಟ್ಟಿಟ್ಟಿದ್ದ ಆ ಗುಟ್ಟು ಎಲ್ಲೋ ಒಂದು ಸರ್ವರ್‌ಗೆ ತಲುಪಿತ್ತು. ಬಾಗಿಲು ತೆಗೆದುಕೊಟ್ಟವನು ನಾನು.

"ನಮ್ಮವರಿಗೆ ಪ್ರೈವೆಸಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಕನ್ನಡದಲ್ಲಿ ಅದಕ್ಕೆ ಪದಾನೇ ಇಲ್ಲ" ಅಂತ ವಾದ ಮಾಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಪತ್ರಿಕೆಗಳು ಬರೆಯುವ 'ಖಾಸಗಿತನ' ಸ್ವಲ್ಪ ಭಾರದ ಪದ, ನಿಜ. ಆದರೆ 'ನಮ್ಮ ಪಾಡಿಗೆ ನಾವು' ಅಂತ ಹೇಳುವ ಭಾಷೆಗೆ ಆ ವಿಷಯ ಗೊತ್ತಿಲ್ಲ ಅಂದರೆ ನಂಬಬೇಡಿ. ಕೋಣೆಯೊಳಗೆ ಹೋಗುವ ಮುಂಚೆ ಅಜ್ಜ ಒಂದು ಸಲ ಕೆಮ್ಮುತ್ತಿದ್ದರಲ್ಲ, ಅದು ಏನು? ಅಜ್ಜಿಯ ಸಾಸಿವೆ ಡಬ್ಬಿಯೊಳಗೆ ದುಡ್ಡು ಇದೆ ಅಂತ ಮನೆಯವರಿಗೆಲ್ಲ ಗೊತ್ತಿದ್ದರೂ ಯಾರೂ ಡಬ್ಬಿ ಮುಟ್ಟುತ್ತಿರಲಿಲ್ಲವಲ್ಲ, ಅದು ಏನು? ಪದ ಬೇರೆ ಇರಬಹುದು. ಮರ್ಯಾದೆ ಅದೇ.

ಒಂದು ಫಲಕದ ಎರಡು ಮುಖ

ನಾನು ಇದನ್ನು ಬರೆಯುತ್ತಿರುವುದು ಮೆನ್ಲೋ ಪಾರ್ಕ್‌ನಿಂದ. ಬೇ ಏರಿಯಾದಲ್ಲಿ ಇರುವವರಿಗೆ ವಿವರಿಸಬೇಕಿಲ್ಲ. ಬೇರೆ ಕಡೆ ಇರುವವರಿಗೆ ಇಷ್ಟು ಹೇಳಿದರೆ ಸಾಕು: ಸ್ಯಾನ್ ಫ್ರಾನ್ಸಿಸ್ಕೋಗೂ ಸ್ಯಾನ್ ಹೋಸೆಗೂ ನಡುವೆ ಇರುವ ಸಣ್ಣ ಊರು, ಕೊಲ್ಲಿಯ ದಡದಲ್ಲಿ ಮೆಟಾ ಕಂಪನಿಯ ಕೇಂದ್ರ ಕಚೇರಿ ಇರುವ ಊರು.

ಆ ಜಾಗಕ್ಕೆ ಒಂದು ಹಳೆಯ ಕಥೆ ಇದೆ. ಫೇಸ್‌ಬುಕ್ ಬರುವ ಮುಂಚೆ ಅಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇತ್ತು. ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಂ ಮಾಡಿದ ಕಂಪನಿ. ಅದರ ಮುಖ್ಯಸ್ಥ ಸ್ಕಾಟ್ ಮೆಕ್‌ನೀಲಿ 1999ರಲ್ಲಿ ಪತ್ರಕರ್ತರ ಎದುರು ಒಂದು ಮಾತು ಹೇಳಿದರು. ನಿಮಗೆ ಖಾಸಗಿತನ ಅನ್ನೋದು ಈಗಾಗಲೇ ಸೊನ್ನೆ, ಅದನ್ನು ಒಪ್ಪಿಕೊಂಡು ಮುಂದೆ ಹೋಗಿ ಅನ್ನುವ ಅರ್ಥದ ಮಾತು. ಆಗ ಅದು ದೊಡ್ಡ ಗದ್ದಲ ಎಬ್ಬಿಸಿತು. 2010ರಲ್ಲಿ ಸನ್ ಅನ್ನು ಒರಾಕಲ್ ಕೊಂಡಿತು. 2011ರಲ್ಲಿ ಫೇಸ್‌ಬುಕ್ ಆ ಕ್ಯಾಂಪಸ್‌ಗೆ ಬಂದಾಗ ಬಾಗಿಲಲ್ಲಿದ್ದ ಸನ್ ಫಲಕವನ್ನು ಕಿತ್ತು ಬಿಸಾಡಲಿಲ್ಲ. ತಿರುಗಿಸಿ, ಹಿಂಭಾಗಕ್ಕೆ ಹೆಬ್ಬೆರಳಿನ ಚಿತ್ರ ಅಂಟಿಸಿದರು. ಮುಂದೆ ಹೆಬ್ಬೆರಳು, ಹಿಂದೆ ಸನ್. ಮೈಮರೆತರೆ ನಮಗೂ ಇದೇ ಗತಿ ಅಂತ ನೌಕರರಿಗೆ ನೆನಪಿರಲಿ ಅನ್ನುವುದು ಅದಕ್ಕೆ ಎಲ್ಲರೂ ಹೇಳುವ ಕಾರಣ. ನನಗೆ ಮಾತ್ರ ಆ ಫಲಕ ಬೇರೆ ಥರ ಕಾಣುತ್ತದೆ. ಖಾಸಗಿತನ ಸತ್ತುಹೋಗಿದೆ ಅಂತ ಹೇಳಿದವರದು ಒಂದು ಮುಖ, ಆ ಸಾವಿನಿಂದ ದುಡ್ಡು ಮಾಡಿದವರದು ಇನ್ನೊಂದು ಮುಖ.

ಇದೇ ಊರಿನ ರೇವನ್ಸ್‌ವುಡ್ ರಸ್ತೆಯಲ್ಲಿ ಎಸ್‌ಆರ್‌ಐ ಸಂಶೋಧನಾ ಸಂಸ್ಥೆ ಇದೆ. ಡಗ್ಲಸ್ ಎಂಗೆಲ್‌ಬಾರ್ಟ್ ಅವರ ತಂಡ ಕಂಪ್ಯೂಟರ್ ಮೌಸ್ ಮಾಡಿದ್ದು ಅಲ್ಲಿ. ಇಂಟರ್‌ನೆಟ್‌ನ ಪೂರ್ವಜ ಆರ್ಪಾನೆಟ್‌ನ ಮೊದಲ ಸಂದೇಶ 1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸ್‌ನಿಂದ ಬಂದು ಮುಟ್ಟಿದ್ದೂ ಅಲ್ಲಿಗೇ. ಸಿರಿ ಹುಟ್ಟಿದ್ದೂ ಅಲ್ಲೇ. 2010ರಲ್ಲಿ ಆಪಲ್ ಅದನ್ನು ಕೊಂಡಿತು, 2011ರಿಂದ ಅದು ಐಫೋನ್‌ನ ಒಳಗೇ ಬಂದು ಕೂತಿತು. ಸಿರಿಗೆ ಕೇಳಿಸಿದ್ದರ ಒಂದು ಪಾಲನ್ನು ಗುತ್ತಿಗೆ ನೌಕರರು ಕೂತು ಕೇಳುತ್ತಿದ್ದಾರೆ, ಯಾರೂ ಕರೆಯದೆ ತಾನಾಗಿ ಎಚ್ಚರವಾದಾಗ ದಾಖಲಾದ ಮಾತುಗಳೂ ಅದರಲ್ಲಿವೆ ಎಂಬ ಸುದ್ದಿ 2019ರಲ್ಲಿ ಹೊರಬಂತು. ಆಪಲ್ ಕ್ಷಮೆ ಕೇಳಿತು, ಇನ್ನು ಮುಂದೆ ಒಪ್ಪಿದವರ ಧ್ವನಿಯನ್ನು ಮಾತ್ರ ಇಟ್ಟುಕೊಳ್ಳುತ್ತೇವೆ ಎಂದಿತು. ತಾನಾಗಿ ಎಚ್ಚರವಾಗಿ ಕೇಳಿಸಿಕೊಂಡದ್ದರ ಬಗ್ಗೆ ಹೂಡಿದ್ದ ಮೊಕದ್ದಮೆಯನ್ನು, ತಪ್ಪು ಒಪ್ಪಿಕೊಳ್ಳದೆ, 2025ರಲ್ಲಿ 9.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಗೋಡೆಗೂ ಕಿವಿ ಇರುತ್ತೆ ಅಂತ ನಮ್ಮ ಹಿರಿಯರು ಸುಮ್ಮನೆ ಎಚ್ಚರಿಕೆಗೆ ಹೇಳಿದ್ದು. ನಾವು ನಿಜವಾಗಿಯೂ ಗೋಡೆಗೆ ಕಿವಿ ಇಟ್ಟೆವು.

ಬೇಲಿಯೇ ಎದ್ದು ಹೊಲ ಮೇಯ್ದರೆ

ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟ ಮಾಡಿಕೊಳ್ಳೋಣ. ಆ್ಯಪ್ ಅಂದರೆ ಮನೆಗೆ ಬರುವ ನೆಂಟರು. ಇಷ್ಟವಾದರೆ ಒಳಗೆ ಕರೀತೀರಿ, ಕಾಟ ಕೊಟ್ಟರೆ ಕಳಿಸ್ತೀರಿ. ಆಪರೇಟಿಂಗ್ ಸಿಸ್ಟಂ ಅಂದರೆ ಮನೆಯೇ: ಗೋಡೆ, ಬಾಗಿಲು, ಬೀಗ ಎಲ್ಲ ಅದೇ. ವಿಂಡೋಸ್, ಆಂಡ್ರಾಯ್ಡ್, ಐಒಎಸ್ ಎಲ್ಲವೂ ಹೀಗೇ. ನೆಂಟರು ಕಳ್ಳತನ ಮಾಡದ ಹಾಗೆ ಕಾಯಬೇಕಾದ್ದು ಅದು. ಅದೇ ನಮ್ಮ ಮೇಲೆ ಕಣ್ಣಿಟ್ಟರೆ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆ್ಯಪ್ ಬೇಡ ಅಂದರೆ ತೆಗೆದುಹಾಕಬಹುದು. ಗೋಡೆಯನ್ನು ತೆಗೆದುಹಾಕಿ ಎಲ್ಲಿ ವಾಸ ಮಾಡ್ತೀರಿ?

ಇದು ಬರೀ ಅನುಮಾನವಲ್ಲ. 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಲೀತ್ ಆಂಡ್ರಾಯ್ಡ್ ಮತ್ತು ಐಫೋನ್‌ಗಳು ಹೊರಗೆ ಏನು ಕಳಿಸುತ್ತವೆ ಅಂತ ಅಳೆದರು. ಸುಮ್ಮನೆ ಮೇಜಿನ ಮೇಲೆ ಇಟ್ಟ ಫೋನ್ ಕೂಡ ಸರಾಸರಿ 4.5 ನಿಮಿಷಕ್ಕೊಮ್ಮೆ ತನ್ನ ಕಂಪನಿಗೆ ಮಾಹಿತಿ ಕಳಿಸುತ್ತಿತ್ತು. ಬೇಡ ಅಂತ ಆಯ್ಕೆ ಮಾಡಿದ ಮೇಲೂ ಕಳಿಸುತ್ತಿತ್ತು. ಕಳಿಸಿದ ಮಾಹಿತಿಯ ಪ್ರಮಾಣ ಆಂಡ್ರಾಯ್ಡ್‌ನಲ್ಲಿ ಐಫೋನ್‌ಗಿಂತ ಸುಮಾರು 20 ಪಟ್ಟು ಹೆಚ್ಚಿತ್ತು. ಅಳೆದ ವಿಧಾನ ಸರಿಯಿಲ್ಲ ಎಂದು ಗೂಗಲ್ ತಕರಾರು ಮಾಡಿತು. ಫೋನ್ ಸರಿಯಾಗಿ ಕೆಲಸ ಮಾಡಲು ಇದೆಲ್ಲ ಬೇಕು ಎಂದೂ ಹೇಳಿತು.

2025ರ ಜುಲೈನಲ್ಲಿ, ನಮ್ಮೂರಿನಿಂದ ಅರ್ಧ ಗಂಟೆ ದೂರದ ಸ್ಯಾನ್ ಹೋಸೆ ನ್ಯಾಯಾಲಯದಲ್ಲಿ, ಜ್ಯೂರಿ ಒಂದು ತೀರ್ಪು ಕೊಟ್ಟಿತು. ಬಳಸದೆ ಸುಮ್ಮನೆ ಇಟ್ಟಿರುವ ಆಂಡ್ರಾಯ್ಡ್ ಫೋನ್‌ಗಳಿಂದ, ಬಳಕೆದಾರರ ಒಪ್ಪಿಗೆ ಇಲ್ಲದೆ, ಅವರು ದುಡ್ಡು ಕೊಟ್ಟ ಮೊಬೈಲ್ ಡೇಟಾವನ್ನೇ ಬಳಸಿ ಮಾಹಿತಿ ಕಳಿಸಿಕೊಂಡಿದ್ದಕ್ಕೆ ಗೂಗಲ್ 31.46 ಕೋಟಿ ಡಾಲರ್ ಕೊಡಬೇಕು ಅಂತ. ಮೇಲ್ಮನವಿ ಹೋಗುತ್ತೇವೆ ಎಂದು ಗೂಗಲ್ ಹೇಳಿತು. ಆದರೆ ಆ ಪೆಟ್ಟಿಗೆಯಲ್ಲಿ ಕೂತಿದ್ದವರು ನಮ್ಮ ನಿಮ್ಮಂಥ ಸಾಮಾನ್ಯ ಜನ. ಅವರಿಗೆ ವಿಷಯ ಸರಿಯಾಗಿ ಅರ್ಥವಾಯಿತು: ನಮ್ಮ ಬಾವಿ ನೀರು, ನಮ್ಮ ಹಗ್ಗ, ಸೇದಿಕೊಂಡು ಹೋದವರು ಬೇರೆಯವರು.

ವಿಂಡೋಸ್ ನೋಡಿ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ 'ರಿಕಾಲ್' ಎಂಬ ಸೌಲಭ್ಯ ಘೋಷಿಸಿತು. ನಿಮ್ಮ ಪರದೆಯ ಚಿತ್ರವನ್ನು ಕೆಲವು ಸೆಕೆಂಡಿಗೊಮ್ಮೆ ತೆಗೆದಿಟ್ಟು, ಮುಂದೆ ನೀವು ಹುಡುಕಿದಾಗ ತೋರಿಸುವ ಸೌಲಭ್ಯ. ಚಿತ್ರಗಳು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ, ಹೊರಗೆ ಹೋಗುವುದಿಲ್ಲ ಅಂದರು. ಆ ಚಿತ್ರಗಳಿಂದ ತೆಗೆದ ಅಕ್ಷರಗಳು ಸುಲಭವಾಗಿ ಓದಿಕೊಳ್ಳಬಹುದಾದ ಕಡತದಲ್ಲಿ ಬಿದ್ದಿವೆ ಅಂತ ಭದ್ರತಾ ತಜ್ಞರು ಕೆಲವೇ ವಾರಗಳಲ್ಲಿ ತೋರಿಸಿದರು. ಬಿಡುಗಡೆ ಮುಂದಕ್ಕೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಹೊರಬಂದಾಗ ಅದಕ್ಕೆ ಬೀಗ ಹಾಕಿದ್ದರು, ಬೇಕೆಂದವರು ಮಾತ್ರ ಶುರು ಮಾಡುವ ಹಾಗೆ ಬದಲಿಸಿದ್ದರು. ಒಳ್ಳೆಯದಾಯಿತು. ಆದರೆ ಗದ್ದಲ ಆದ ಮೇಲೆ ಕೇಳಿದರು, ಗದ್ದಲ ಆಗದಿದ್ದರೆ ಕೇಳುತ್ತಿದ್ದರೇ? ಮೇ ತಿಂಗಳಲ್ಲಿ ಸಿಗ್ನಲ್ ಆ್ಯಪ್‌ನವರು ವಿಂಡೋಸ್‌ನಲ್ಲಿ ತಮ್ಮ ಪರದೆಯ ಚಿತ್ರವನ್ನೇ ತೆಗೆಯಲಾಗದ ಹಾಗೆ ಅಡ್ಡ ಕಟ್ಟಿದರು. ನೆಂಟರು ಬಂದು, ಮನೆಯ ಗೋಡೆಗೆ ಪರದೆ ಕಟ್ಟಿ ನಮ್ಮನ್ನು ಕಾಪಾಡಬೇಕಾದ ಕಾಲ ಇದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ವಿಂಡೋಸ್‌ನಿಂದ ಮೈಕ್ರೋಸಾಫ್ಟ್‌ಗೆ ಹೋಗುವ 'ಅಗತ್ಯ' ಮಾಹಿತಿಯನ್ನು ಹೋಮ್ ಆವೃತ್ತಿಯ ಸೆಟ್ಟಿಂಗ್‌ನಲ್ಲಿ ನಿಲ್ಲಿಸಲು ಆಗುವುದಿಲ್ಲ. ಐಚ್ಛಿಕ ಅನ್ನುವುದನ್ನು ಮಾತ್ರ ನಿಲ್ಲಿಸಬಹುದು. ಪೂರ್ತಿ ನಿಲ್ಲಿಸುವ ಆಯ್ಕೆ ಇಲ್ಲವೇ? ಇದೆ. ದೊಡ್ಡ ಸಂಸ್ಥೆಗಳು ಕೊಳ್ಳುವ ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಆವೃತ್ತಿಗಳಲ್ಲಿ ಇದೆ. ಅಂದರೆ ಅದನ್ನು ಮಾಡಲು ಸಾಧ್ಯ. ಆ ಸ್ವಿಚ್ ಯಾರ ಕೈಗೆ ಕೊಡಬೇಕು ಅನ್ನುವುದಷ್ಟೇ ತೀರ್ಮಾನ. ಬ್ಯಾಂಕಿನ ಕಂಪ್ಯೂಟರಿಗೆ ಆ ಮರ್ಯಾದೆ ಸಿಗುತ್ತದೆ, ನಿಮ್ಮ ಮಗಳು ಹೋಮ್‌ವರ್ಕ್ ಮಾಡುವ ಲ್ಯಾಪ್‌ಟಾಪ್‌ಗೆ ಸಿಗುವುದಿಲ್ಲ.

ಸರಿಯಾಗಿ ಕೇಳಿದಾಗ ಜನ ಏನಂದರು?

"ಜನ ಒಪ್ಪಿಯೇ ಬಳಸ್ತಾರಲ್ಲ" ಅಂತ ಈ ಕಂಪನಿಗಳು ಹೇಳುತ್ತವೆ. ನಾವೂ ಹೇಳ್ತೀವಿ. ಈ ಮಾತಿಗೆ ಉತ್ತರ ಇದೇ ಮೆನ್ಲೋ ಪಾರ್ಕ್‌ನಲ್ಲಿ ಸಿಕ್ಕಿದೆ, ಅದೂ ಡಾಲರ್ ಲೆಕ್ಕದಲ್ಲಿ.

2021ರ ಏಪ್ರಿಲ್‌ನಲ್ಲಿ ಆಪಲ್ ಐಒಎಸ್ 14.5 ಬಿಡುಗಡೆ ಮಾಡಿತು. ಅದರಲ್ಲಿ ಒಂದೇ ಒಂದು ಹೊಸ ಪ್ರಶ್ನೆ ಇತ್ತು. ಈ ಆ್ಯಪ್ ಬೇರೆ ಕಂಪನಿಗಳ ಆ್ಯಪ್ ಮತ್ತು ವೆಬ್‌ಸೈಟ್‌ಗಳಲ್ಲಿ ನಿಮ್ಮ ಹೆಜ್ಜೆ ಹಿಂಬಾಲಿಸಬಹುದೇ? ಎರಡು ಗುಂಡಿ: ಬೇಡ, ಸರಿ. ಎರಡೂ ಒಂದೇ ಗಾತ್ರ. ಬಹಳಷ್ಟು ಜನ ಬೇಡ ಒತ್ತಿದರು. 2022ರ ಫೆಬ್ರವರಿಯಲ್ಲಿ ಮೆಟಾದ ಹಣಕಾಸು ಮುಖ್ಯಸ್ಥರು ಈ ಬದಲಾವಣೆಯಿಂದ ಆ ವರ್ಷ ಸುಮಾರು 1,000 ಕೋಟಿ ಡಾಲರ್ ಆದಾಯ ಕಮ್ಮಿಯಾಗಬಹುದು ಎಂದರು. ಬಳಕೆದಾರರ ಸಂಖ್ಯೆ ನಿಂತಲ್ಲೇ ನಿಂತಿದೆ ಅನ್ನುವ ಸುದ್ದಿಯೂ ಜೊತೆಗಿತ್ತು. ಮರುದಿನ ಒಂದೇ ದಿನದಲ್ಲಿ ಕಂಪನಿಯ ಷೇರು ಸುಮಾರು 26% ಕುಸಿಯಿತು.

ಸ್ವಲ್ಪ ನಿಂತು ಯೋಚನೆ ಮಾಡಿ. ಅಲ್ಲಿಯವರೆಗೂ ಜನ ನಿಜವಾಗಿ ಒಪ್ಪಿದ್ದರೆ, ಕೇಳಿದ ತಕ್ಷಣ 1,000 ಕೋಟಿ ಡಾಲರ್ ಹೇಗೆ ಕರಗಿತು? ಜನರ ಮನಸ್ಸು ಬದಲಾಗಲಿಲ್ಲ. ಅವರನ್ನು ಕೇಳಿದ್ದೇ ಆಗ. ಆ ಮೊತ್ತ ಅಲ್ಲಿಯತನಕ ನಡೆದ ವ್ಯಾಪಾರದಲ್ಲಿ ಒಪ್ಪಿಗೆ ಎಷ್ಟು ಕಮ್ಮಿ ಇತ್ತು ಅನ್ನುವುದರ ಅಳತೆ.

ಹಾಗಂತ ಆಪಲ್‌ಗೆ ಆರತಿ ಎತ್ತಬೇಡಿ. ಬೇರೆಯವರಿಗೆ ಒಂದು ಕಾನೂನು, ತನ್ನ ಸ್ವಂತ ಜಾಹೀರಾತಿಗೆ ಇನ್ನೊಂದು ಅನ್ನುವ ದೂರು ಅದರ ಮೇಲೆ ಬಂತು. ಈ ವ್ಯವಸ್ಥೆಯನ್ನು ಜಾರಿ ಮಾಡಿದ ರೀತಿಗೆ ಫ್ರಾನ್ಸ್‌ನ ಸ್ಪರ್ಧಾ ಪ್ರಾಧಿಕಾರ 2025ರ ಮಾರ್ಚ್‌ನಲ್ಲಿ 15 ಕೋಟಿ ಯೂರೊ ದಂಡ ಹಾಕಿತು. ಮೆಟಾ ಕೂಡ ಸುಮ್ಮನೆ ಕೂರಲಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳು ಒಳಗಿನ ಒಂದು ಕಿಂಡಿ ತೆರೆದಿಟ್ಟುಕೊಂಡು, ನೀವು ಬ್ರೌಸರ್‌ನಲ್ಲಿ ನೋಡುವ ತಾಣಗಳನ್ನು ನಿಮ್ಮ ಹೆಸರಿಗೆ ಜೋಡಿಸುತ್ತಿವೆ ಅಂತ ಸ್ಪೇನ್, ನೆದರ್‌ಲ್ಯಾಂಡ್ಸ್, ಬೆಲ್ಜಿಯಂನ ಸಂಶೋಧಕರು 2025ರ ಜೂನ್‌ನಲ್ಲಿ ತೋರಿಸಿದರು. ಗುಟ್ಟಾಗಿ ನೋಡುವ ಇನ್‌ಕಾಗ್ನಿಟೋ ವಿಧಾನದಲ್ಲೂ ಅದು ನಡೆಯುತ್ತಿತ್ತು. ವಿಷಯ ಬಯಲಾದ ಮೇಲೆ ಮೆಟಾ ಅದನ್ನು ನಿಲ್ಲಿಸಿತು. ಮುಂಬಾಗಿಲಲ್ಲಿ ಬೇಡ ಅಂದರೆ ಹಿತ್ತಲ ಬಾಗಿಲು ನೋಡುವುದು ಅಂದರೆ ಇದೇ.

ನಾವು ಹೇಳುವ ಸಬೂಬುಗಳು

"ನನ್ನ ಹತ್ರ ಮುಚ್ಚಿಡೋಂಥದ್ದು ಏನೂ ಇಲ್ಲ." ಇದು ಪಾಟ್‌ಲಕ್ ಊಟದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು. ನಿಜವಾಗಿಯೂ? ನಿಮ್ಮ ವೀಸಾ ಇನ್ನೂ ಎಚ್-1ಬಿ ಆಗಿದ್ದರೆ ಒಂದು ಸಂಗತಿ ನೆನಪಿಸಿಕೊಳ್ಳಿ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರು ತಮ್ಮ ಸೋಶಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಬೇಕು ಎಂದು ಅಮೆರಿಕ ಸರ್ಕಾರ ಹೇಳಿತು. ಹಿಂದಿನ ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಈ ವರ್ಷ ಕೇಳಬಹುದು. ಮುಚ್ಚಿಡುವಂಥದ್ದು ಯಾವುದು ಅಂತ ತೀರ್ಮಾನ ಮಾಡುವವರು ನೀವಲ್ಲ. ನಮ್ಮಮ್ಮನ ಹತ್ತಿರವೂ ಮುಚ್ಚಿಡುವಂಥ ಅಪರಾಧ ಏನೂ ಇರಲಿಲ್ಲ. ಮಂಡಿನೋವಿತ್ತು ಅಷ್ಟೇ.

"ಎಲ್ಲಾ ಫ್ರೀ ಕೊಡ್ತಾರಲ್ಲ, ಏನೋ ಒಂದು ತಗೋತಾರೆ." ಯಾವುದು ಫ್ರೀ? ಫೋನಿಗೆ ಸಾವಿರ ಡಾಲರ್ ಕೊಟ್ಟವರು ನೀವು. ಲ್ಯಾಪ್‌ಟಾಪ್‌ನ ಬೆಲೆಯಲ್ಲೇ ವಿಂಡೋಸ್‌ನ ದುಡ್ಡೂ ಸೇರಿದೆ. ದುಡ್ಡೂ ಕೊಟ್ಟು ದಿನಚರಿಯನ್ನೂ ಕೊಡುವ ವ್ಯಾಪಾರ ನಮ್ಮೂರ ಸಂತೆಯಲ್ಲಿ ಯಾರೂ ಮಾಡುವುದಿಲ್ಲ.

"ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದಲ್ಲ." ಮಾಡಬಹುದು. ಎಷ್ಟು ಜನ ಮಾಡುತ್ತಾರೆ ಅಂತ ಆ ಸೆಟ್ಟಿಂಗ್ ಬರೆದವರಿಗೆ ಚೆನ್ನಾಗಿ ಗೊತ್ತು. ಮೊದಲೇ ಆನ್ ಆಗಿರುವುದು ಹಾಗೇ ಉಳಿಯುತ್ತದೆ. ಹಾಗಾಗಿ ಅದನ್ನು ಆನ್ ಇಟ್ಟು ಕೊಡುವವರೇ ನಿಮ್ಮ ಪರವಾಗಿ ತೀರ್ಮಾನ ಮಾಡಿದವರು.

"ಸಾಫ್ಟ್‌ವೇರ್ ಎಲ್ಲಿ ಕೆಡುತ್ತೆ ಅಂತ ಗೊತ್ತಾಗಬೇಕಲ್ಲ." ಈ ವಾದದಲ್ಲಿ ಹುರುಳಿದೆ, ಒಪ್ತೀನಿ. ನಾನೂ ಆ ವರದಿಗಳನ್ನು ನೋಡಿ ತಪ್ಪು ತಿದ್ದಿದವನೇ. ಲಕ್ಷಾಂತರ ಯಂತ್ರಗಳಲ್ಲಿ ಎಲ್ಲೋ ಒಂದು ಕಡೆ ಪ್ರೋಗ್ರಾಂ ಬಿದ್ದುಹೋದರೆ ತಿಳಿಯಲು ಬೇರೆ ಸುಲಭದ ದಾರಿ ಇಲ್ಲ. ಆದರೆ ಆ ವರದಿಗೆ ನಾನು ಗುರುವಾರ ಎಲ್ಲಿಗೆ ಹೋದೆ ಅನ್ನುವುದು ಬೇಕಿಲ್ಲ. ಬೇಕಾದ್ದನ್ನು ಕೇಳಿ ತಗೊಳ್ಳಿ. ಕೇಳಿದರೆ ಕೊಡುವವರು ಇದ್ದಾರೆ, ನಾನೂ ಕೊಡ್ತೀನಿ.

ಮೌನ ಸಮ್ಮತಿಯ ಲಕ್ಷಣ ಅಂತ ನಮ್ಮಲ್ಲಿ ಒಂದು ಗಾದೆ ಇದೆ. ಹುಡುಗಿ ನೋಡಲು ಬಂದಾಗ ಹುಡುಗಿ ಸುಮ್ಮನಿದ್ದರೆ ಒಪ್ಪಿದ್ದಾಳೆ ಅಂತ ತಿಳಿದುಕೊಳ್ಳುತ್ತಿದ್ದ ಕಾಲದ ಮಾತು. ಮದುವೆಯಲ್ಲಿ ಆ ಮಾತು ಅನ್ಯಾಯ ಅಂತ ನಾವು ಕಲಿತಿದ್ದೇವೆ, ಮಕ್ಕಳಿಗೂ ಕಲಿಸುತ್ತಿದ್ದೇವೆ. ಫೋನಿನಲ್ಲಿ ಮಾತ್ರ ಅದೇ ಗಾದೆ ಇಟ್ಟುಕೊಂಡಿದ್ದೇವೆ.

ಪುಟ್ಟಸ್ವಾಮಿಯವರು ಗೆದ್ದುಕೊಟ್ಟದ್ದು

ಇಲ್ಲೇ ಹುಟ್ಟಿ ಬೆಳೆದು, ವಾರಕ್ಕೊಂದು ದಿನ ಕನ್ನಡ ಕ್ಲಾಸಿಗೆ ಹೋಗುವ ಮಕ್ಕಳು ಇದನ್ನು ಓದುತ್ತಿದ್ದರೆ, ಒಬ್ಬ ಕನ್ನಡಿಗರ ಹೆಸರು ನೆನಪಿಟ್ಟುಕೊಳ್ಳಿ: ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು. 2012ರಲ್ಲಿ, 85 ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಭಾರತದ ಸಂವಿಧಾನದಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಕೇಂದ್ರ ಸರ್ಕಾರ ವಾದ ಮಾಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಅದು ಮೂಲಭೂತ ಹಕ್ಕು. ಮರುವರ್ಷ ಆಧಾರ್ ಯೋಜನೆ ಬಹುಪಾಲು ಉಳಿದುಕೊಂಡಿತು, ಆದರೆ ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿಕೊಟ್ಟಿದ್ದ ಅಂಶವನ್ನು ಕೋರ್ಟು ತೆಗೆದುಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಇವತ್ತು ಭಾರತದಲ್ಲಿ ಖಾಸಗಿತನದ ಯಾವ ಮೊಕದ್ದಮೆ ನಡೆದರೂ ಅವರ ಹೆಸರಿನ ತೀರ್ಪನ್ನೇ ಓದುತ್ತಾರೆ.

ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರಲ್ಲಿ ಸರ್ಕಾರ ತನಗೆ ಬಿಟ್ಟುಕೊಂಡ ವಿನಾಯಿತಿಗಳು ಬಹಳ, ಅದರ ಬಗ್ಗೆ ಬೇರೆಯೇ ಜಗಳ ಆಡಬೇಕು. ಆದರೆ ನಮ್ಮಮ್ಮನ ಸೋಫಾದ ಮಟ್ಟಿಗೆ ಒಂದು ಸಾಲು ಮುಖ್ಯ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ತಮಗೆ ಬೇಕಾದ ಭಾಷೆಯಲ್ಲಿ ಓದುವ ಅವಕಾಶ ಜನರಿಗೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು, ಕಂಪನಿಗಳ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಅಂದರೆ ಅಮ್ಮನನ್ನು ಕನ್ನಡದಲ್ಲಿ ಕೇಳಿ ಅಂತ ಕಾನೂನೇ ಹೇಳುತ್ತಿದೆ. ಅಮ್ಮನ ಬದಲು ಅಮೆರಿಕದಿಂದ ಬಂದ ಮಗ ಒತ್ತಿದರೂ ಆಗುತ್ತೆ ಅಂತ ಎಲ್ಲೂ ಹೇಳಿಲ್ಲ.

ನೀವು ಇರುವ ನೆಲದಲ್ಲೂ ಇದು ಹೊಸತಲ್ಲ. ಕ್ಯಾಲಿಫೋರ್ನಿಯಾದ ಜನ 1972ರಲ್ಲೇ ಮತ ಹಾಕಿ ತಮ್ಮ ರಾಜ್ಯದ ಸಂವಿಧಾನದ ಮೊದಲ ವಿಧಿಯಲ್ಲಿ ಖಾಸಗಿತನದ ಹಕ್ಕನ್ನು ಬರೆಸಿದರು. ಮೆಕ್‌ನೀಲಿ ಆ ಮಾತು ಹೇಳುವ 27 ವರ್ಷ ಮುಂಚೆ. ಸೊನ್ನೆ ಅಂತ ಅವರು ಹೇಳಿದ್ದು ಸಂವಿಧಾನದಲ್ಲಿ ಬರೆದಿದ್ದ ಹಕ್ಕನ್ನು.

ಗದ್ದಲ ಮಾಡಿದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಹೊಸ ಸಾಕ್ಷಿಯೂ ಇದೆ. 2025ರ ಡಿಸೆಂಬರ್ ಮೊದಲ ವಾರ, ಭಾರತದಲ್ಲಿ ಮಾರುವ ಪ್ರತಿ ಹೊಸ ಫೋನಿನಲ್ಲೂ ಸಂಚಾರ್ ಸಾಥಿ ಎಂಬ ಸರ್ಕಾರಿ ಆ್ಯಪ್ ಮೊದಲೇ ಇರಬೇಕು ಅನ್ನುವ ಆದೇಶ ಹೊರಬಂತು. ಕಳ್ಳತನವಾದ ಫೋನ್ ಹುಡುಕಲು, ಮೋಸ ತಡೆಯಲು ಅಂತ ಕಾರಣ ಕೊಟ್ಟರು. ಜನ ಕೇಳಿದ್ದು ಒಂದೇ: ಒಳ್ಳೆಯದಾದರೆ ನಾವೇ ಹಾಕಿಕೊಳ್ತೀವಿ, ಕಡ್ಡಾಯ ಯಾಕೆ? ಕೆಲವೇ ದಿನದಲ್ಲಿ ಸರ್ಕಾರ ಕಡ್ಡಾಯವನ್ನು ಹಿಂತೆಗೆದುಕೊಂಡಿತು.

ಕೋಡ್ ಬರೆಯುವವರಿಗೆ

ಇನ್ನು ಜಗಳದ ಕಷ್ಟದ ಭಾಗ. ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ಈ ಕಂಪನಿಗಳಲ್ಲೇ ಕೆಲಸ ಮಾಡುತ್ತೀರಿ. ಆ ನೀಲಿ ಗುಂಡಿಯ ಬಣ್ಣ, ಅದರ ಪಕ್ಕದ 'ಬೇಡ' ಎಷ್ಟು ಸಣ್ಣಗೆ ಇರಬೇಕು, ಯಾವುದು ಮೊದಲೇ ಆನ್ ಆಗಿರಬೇಕು ಇವೆಲ್ಲ ಮೀಟಿಂಗ್‌ನಲ್ಲಿ ತೀರ್ಮಾನವಾಗುತ್ತವೆ. ಆ ಮೀಟಿಂಗ್‌ನಲ್ಲಿ ನಮ್ಮವರು ಕೂತಿರುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಸುಮ್ಮನಿರುತ್ತೇವೆ. ಇಎಂಐ ಇದೆ, ಗ್ರೀನ್ ಕಾರ್ಡ್ ಸರದಿ ಇದೆ. ನಿಮ್ಮ ಭಯ ನನಗೆ ಗೊತ್ತು, ನನ್ನದೂ ಅದೇ.

ಕೆಲಸ ಬಿಡಿ ಅಂತ ನಾನು ಹೇಳುತ್ತಿಲ್ಲ. ಇಷ್ಟೇ ಹೇಳ್ತೀನಿ: ಮುಂದಿನ ಸಲ ಅಂಥ ಪರದೆ ನಿಮ್ಮ ಮುಂದೆ ಪರಿಶೀಲನೆಗೆ ಬಂದಾಗ, ಅದನ್ನು ಓದುವವರು ಅರಸೀಕೆರೆಯ ಒಬ್ಬ ಅಮ್ಮ ಅಂದುಕೊಂಡು ಒಂದು ಪ್ರಶ್ನೆ ಕೇಳಿ. 'ಇದು ಆಫ್ ಆಗಿಯೇ ಶುರುವಾದರೆ ಏನು ಕೆಡುತ್ತದೆ?' ಉತ್ತರ 'ಫೋನ್ ಕೆಡುತ್ತದೆ' ಅಂತ ಬಂದರೆ ಆನ್ ಇಡಿ. 'ಗುರಿ ತಲುಪುವುದಿಲ್ಲ' ಅಂತ ಬಂದರೆ, ಯಾರ ಗುರಿ ಅಂತ ಕೇಳಿ. ಉಂಡ ಮನೆಗೆ ಹೇಳುವ ಬುದ್ಧಿಮಾತನ್ನು ಎರಡು ಬಗೆಯುವುದು ಅನ್ನುವುದಿಲ್ಲ.

ಉಳಿದವರಿಗೆ ಒಂದು ಸಂಜೆಯ ಕೆಲಸ. ಊರಿಗೆ ವಿಡಿಯೋ ಕಾಲ್ ಮಾಡಿ. ಆಂಡ್ರಾಯ್ಡ್ ಆಗಿದ್ದರೆ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಸ್ಥಳದ ಇತಿಹಾಸ, ಜಾಹೀರಾತು ಗುರುತು, ಬಳಕೆಯ ವರದಿ, ಈ ಮೂರನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಐಫೋನ್ ಆಗಿದ್ದರೆ ಪ್ರೈವೆಸಿ ವಿಭಾಗದಲ್ಲಿ ಟ್ರ್ಯಾಕಿಂಗ್, ಅನಲಿಟಿಕ್ಸ್, ಜಾಹೀರಾತು ನೋಡಿ. ಮೊಮ್ಮಕ್ಕಳೇ, ಈ ಕೆಲಸ ನಿಮಗೆ ಕೊಡ್ತೀನಿ. ನೀವು ಕಲಿತ ಕನ್ನಡದಲ್ಲಿ ಒಂದೊಂದು ಸಾಲನ್ನೂ ಅಜ್ಜಿಗೆ ಓದಿ ಹೇಳಿ. ತಪ್ಪಾದರೆ ಅಜ್ಜಿ ತಿದ್ದುತ್ತಾರೆ. ಆಮೇಲೆ ಕೇಳಿ: ಇದು ಬೇಕಾ, ಬೇಡ್ವಾ? ಅವರು ಏನು ಹೇಳುತ್ತಾರೋ ಅದನ್ನೇ ಮಾಡಿ. ನಿಮಗೆ ಇಷ್ಟವಾದದ್ದನ್ನಲ್ಲ.

ನಾನು ಇದನ್ನು ಹೋದ ತಿಂಗಳು ಮಾಡಿದೆ. ಮುಕ್ಕಾಲು ಗಂಟೆ ಹಿಡೀತು. ಅಮ್ಮ ಜಾಹೀರಾತು ಬೇಡ ಅಂದ್ರು. ಬಳಕೆಯ ವರದಿ ಬೇಡ ಅಂದ್ರು. ಸ್ಥಳದ ಇತಿಹಾಸ ಅಂದಾಗ ಸ್ವಲ್ಪ ಯೋಚನೆ ಮಾಡಿ, ಅದೂ ಬೇಡ ಅಂದ್ರು. ನಾನು ಎಲ್ಲಿದ್ದೀನಿ ಅಂತ ನಿನಗೆ ಮಾತ್ರ ಗೊತ್ತಾಗೋ ಥರ ಏನಾದ್ರೂ ಇದ್ಯಾ ಅಂತ ಕೇಳಿದ್ರು. ಇದೆ ಅಂದೆ. "ಅದು ಇರಲಿ" ಅಂದ್ರು. "ಗುರುವಾರ ಬಿಟ್ಟು."